ಉಪ್ಪಿನಾಗರದ ಹುಡುಗಿಗೆ ಮುಖ ಬೇಡವಂತೆ

ಮೈಬಣ್ಣ ಕಪ್ಪಾದರೆ ನೋಡುವವರಿಗೆ ಏನು ಕಷ್ಟ ಎಂದು ನಾನು ಇವತ್ತಿಗೂ ಕೇಳುತ್ತೇನೆ. ಕೆಲವರು ಉತ್ತರ ಕೊಟ್ಟಿದ್ದಾರೆ, ಆ ಉತ್ತರ ಕೇಳಿ ನನ್ನ ಕೋಪ ಇನ್ನಷ್ಟು ಏರಿದ್ದೇ ಹೊರತು ಇಳಿದದ್ದಿಲ್ಲ. ಎಪ್ಪತ್ತರ ದಶಕದ ಮೊದಲಲ್ಲಿ, ಒಂದು ಮಳೆಗಾಲದಿಂದ ಮುಂದಿನ ಬೇಸಿಗೆಯವರೆಗೆ ಮಲಾಡಿನ ನಮ್ಮ ಚಾಳಿನ ಕೋಣೆಯಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಯಾರ ಹೆಸರನ್ನೂ ಬರೆಯುವುದಿಲ್ಲ. ಹೆಸರಿನಿಂದ ಆಗಬೇಕಾದ್ದು ಏನೂ ಇಲ್ಲ.

ನನ್ನ ಯಜಮಾನರು ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಕೂರುತ್ತಿದ್ದರು. ಹೋಟೆಲಿನ ಹಿಂದಿನ ಗೋದಾಮಿನ ಮಹಡಿಯಲ್ಲಿ ಒಂದು ಸಣ್ಣ ಕಾರ್ಟೂನ್ ಸ್ಟುಡಿಯೋ. ಅದರ ಡೈರೆಕ್ಟರ್ ಇಲ್ಲಿಯೇ ಹುಟ್ಟಿ ಬೆಳೆದ ಕನ್ನಡದ ಹುಡುಗ; ಕನ್ನಡ ಅರ್ಥವಾಗುತ್ತಿತ್ತು, ನಾಲಗೆ ಮಾತ್ರ ಹಿಂದಿಗೆ ಹೊರಳುತ್ತಿತ್ತು. ಹಲ್ಲುಪುಡಿ, ಬಿಸ್ಕತ್ತುಗಳ ಜಾಹೀರಾತು ಚಿತ್ರಗಳಿಗೆ ನಾನು ಮತ್ತು ಪಕ್ಕದ ಕೋಣೆಯ ಬಿಜಾಪುರದಾಕೆ ಮನೆಯಲ್ಲೇ ಕೂತು ಬಣ್ಣ ತುಂಬಿಕೊಡುತ್ತಿದ್ದೆವು. ಆಕೆಯ ಗಂಡ ಕಟ್ಟಡದ ಕೆಲಸಕ್ಕೆ ಹೋಗುವವನು. ಕೆಲಸ ಇದ್ದ ದಿನ ಇತ್ತು, ಇಲ್ಲದ ದಿನ ಇಲ್ಲ.

ಆ ಮಳೆಗಾಲ ಡೈರೆಕ್ಟರ್ ಒಂದು ಪುಸ್ತಕ ತಂದು ನನ್ನ ಕೈಗೆ ಕೊಟ್ಟ. ಪುಟ ಪುಟಕ್ಕೂ ಚಿತ್ರ, ಚಿತ್ರದಲ್ಲೇ ಕಥೆ. ಕಡಲ ನೀರು ಕಟ್ಟಿ ಉಪ್ಪು ತೆಗೆಯುವ ಉಪ್ಪಿನಾಗರದಲ್ಲಿ ದುಡಿಯುವವರ ಮಗಳೊಬ್ಬಳು. ಕಡಲು ಉಕ್ಕಿ ಅವರ ಉಪ್ಪಿನ ಗುಡ್ಡೆಗಳನ್ನೆಲ್ಲ ಕರಗಿಸಿಬಿಡುತ್ತದೆ. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ಕಡಲಿನ ಜೊತೆ ಜಗಳಕ್ಕೆ ಹೊರಡುತ್ತಾಳೆ. ಅಷ್ಟೇ ಕಥೆ. ಆದರೆ ಚಿತ್ರ ನೋಡಬೇಕಿತ್ತು. ಪುಟದ ಮುಕ್ಕಾಲು ಭಾಗ ಬರೀ ಬಿಳಿ, ಅದೇ ಉಪ್ಪು. ಅದರ ನಡುವೆ ಆ ಹುಡುಗಿ, ಒದ್ದೆ ಕಲ್ಲಿನ ಬಣ್ಣ. ದಪ್ಪ ಕಪ್ಪು ಗೆರೆ, ಗೆರೆಗೂ ಮೈಬಣ್ಣಕ್ಕೂ ನಡುವೆ ಕೂದಲೆಳೆಯಷ್ಟು ಬಿಳಿ ಜಾಗ. ಆ ಎಳೆಯಿಂದ ಅವಳು ಆಗಷ್ಟೇ ನೀರಿನಿಂದೆದ್ದು ಬಿಸಿಲಿಗೆ ಬಂದ ಹಾಗೆ ಹೊಳೆಯುತ್ತಿದ್ದಳು.

ಒಬ್ಬ ಬಟ್ಟೆ ವ್ಯಾಪಾರಿ ಶೇಟ್ ಹಣ ಹಾಕುತ್ತಾರೆ, ಥಿಯೇಟರಿನಲ್ಲಿ ದೊಡ್ಡ ಸಿನಿಮಾಕ್ಕಿಂತ ಮೊದಲು ತೋರಿಸುವ ಚಿಕ್ಕ ಚಿತ್ರ, ಪುಸ್ತಕದಲ್ಲಿ ಹೇಗಿದೆಯೋ ಪರದೆಯ ಮೇಲೂ ಹಾಗೆಯೇ ಕಾಣಬೇಕು ಎಂದು ಡೈರೆಕ್ಟರ್ ಹೇಳಿದ. ಹಾಗೆಯೇ, ಎಂದು ಎರಡು ಸಲ ಹೇಳಿದ. ನಾನು ಅದನ್ನು ನಂಬಿದೆ.

ನಮ್ಮ ಕೆಲಸ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳಬೇಕು. ಸ್ಟುಡಿಯೋದಲ್ಲಿ ಹುಡುಗಿ ನಡೆಯುವುದನ್ನು ಒಂದರ ಹಿಂದೆ ಒಂದು ಕಾಗದದ ಮೇಲೆ ಬರೆಯುತ್ತಾರೆ. ಆ ಕಾಗದದ ಮೇಲೆ ಗಾಜಿನಂಥ ತೆಳು ಹಾಳೆ ಇಟ್ಟು ಗೆರೆಯನ್ನು ಕಪ್ಪು ಶಾಯಿಯಲ್ಲಿ ತಿದ್ದುತ್ತಾರೆ. ಆ ಹಾಳೆಗೆ ಸೆಲ್ ಅನ್ನುವುದು. ಅದು ನಮ್ಮಲ್ಲಿಗೆ ಬರುತ್ತದೆ. ನಾವು ಅದನ್ನು ಮಗುಚಿ ಬೆನ್ನಿನ ಕಡೆಯಿಂದ ಬಣ್ಣ ತುಂಬಬೇಕು. ಎದುರಿನಿಂದ ನೋಡಿದರೆ ಗೆರೆ ಮುಂದೆ, ಬಣ್ಣ ಹಿಂದೆ. ಬಣ್ಣವನ್ನು ಗೋಡೆಗೆ ಬಳಿದ ಹಾಗೆ ಬಳಿದರೆ ಪಟ್ಟೆ ಬೀಳುತ್ತದೆ. ಹಿಟ್ಟಿನ ಹಾಗೆ ಒಂದು ಬೊಟ್ಟು ಬಿಟ್ಟು, ಬ್ರಷ್ಷಿನ ತುದಿಯಿಂದ ಅದನ್ನು ಮೆಲ್ಲಗೆ ಗೆರೆಯವರೆಗೆ ನೂಕಬೇಕು. ಹಾಳೆ ಒಣಗಿದ ಮೇಲೆ ನಡುವೆ ಬಟರ್ ಪೇಪರ್ ಇಟ್ಟು ಜೋಡಿಸಬೇಕು. ಸ್ಟುಡಿಯೋದಲ್ಲಿ ಹಿನ್ನೆಲೆಯ ಚಿತ್ರದ ಮೇಲೆ ಒಂದೊಂದೇ ಸೆಲ್ ಇಟ್ಟು ಕ್ಯಾಮೆರಾದಲ್ಲಿ ತೆಗೆಯುತ್ತಾರೆ, ಆಗ ಹುಡುಗಿ ನಡೆಯುತ್ತಾಳೆ.

ಬೆರಳಚ್ಚು ಬೀಳಬಾರದು. ಅರಶಿನದ ಕೈ ಅಂತೂ ತಾಗಲೇಬಾರದು. ಹಾಗಾಗಿ ಬೆಳಿಗ್ಗೆ ಅಡಿಗೆ ಮುಗಿಸಿ, ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ ಆಮೇಲೆ ಹತ್ತಿಯ ಕೈಗವಸು ಹಾಕಿ ಕೂರುತ್ತಿದ್ದೆವು. ಮಳೆಗಾಲದಲ್ಲಿ ಬಣ್ಣ ಒಣಗದೆ ಹಾಳೆಗೆ ಹಾಳೆ ಅಂಟುತ್ತಿತ್ತು. ಹೋಟೆಲಿನ ಒಲೆಯ ಹಿಂದಿನ ಗೋಡೆ ಸದಾ ಬೆಚ್ಚಗಿರುತ್ತದೆ. ಮಾಲೀಕರು ಅಲ್ಲಿ ಹಲಗೆ ಇಟ್ಟುಕೊಳ್ಳಿ ಎಂದರು, ಎಣ್ಣೆಯ ಹಬೆ ತಾಗದಂತೆ ನಾನೊಂದು ಹಳೆ ಸೀರೆ ಕಟ್ಟಿದೆ. ಅದು ಆ ವರ್ಷ ದೇವರು ಕೊಟ್ಟ ಮೊದಲ ಉಪಕಾರ. ಇಂಥದ್ದನ್ನು ನಾನು ಮರೆಯುವುದಿಲ್ಲ.

ಮೊದಲ ಪರೀಕ್ಷೆಯ ತುಣುಕನ್ನು ಸ್ಟುಡಿಯೋದ ಗೋಡೆಗೆ ಬೆಳಕು ಬಿಟ್ಟು ತೋರಿಸಿದಾಗ ನನಗೆ ಅಳು ಬರುವುದೊಂದು ಬಾಕಿ. ಕಪ್ಪು ಗೆರೆ ಕಪ್ಪು ಮೈಯಲ್ಲಿ ಮುಳುಗಿಹೋಗಿತ್ತು. ಮೂಗಿಲ್ಲ, ಬಾಯಿಲ್ಲ, ಒಂದು ಮಸಿಯ ಮುದ್ದೆ ನಡೆದುಬಂದ ಹಾಗೆ. ಬಣ್ಣ ತಿಳಿ ಮಾಡಿದರೆ ಮೈ ಕೊಳೆಯಾಗಿ ಕಾಣುತ್ತಿತ್ತು. ಗೆರೆಯನ್ನು ಕಂದು ಮಾಡಿದರೆ ಪುಸ್ತಕದ ಗತ್ತು ಹೋಗುತ್ತಿತ್ತು. ಗೆರೆಯ ಪಕ್ಕ ಜಾಗ ಖಾಲಿ ಬಿಟ್ಟೂ ನೋಡಿದೆವು. ಉಪ್ಪಿನ ಮುಂದೆ ಆ ಎಳೆ ಬೆಳ್ಳಗೆ ಕಂಡಿತು, ಅವಳು ಗುಡಿಸಲ ಮುಂದೆ ಬಂದ ಕೂಡಲೇ ಮಾಯ. ಖಾಲಿ ಜಾಗದಲ್ಲಿ ಹಿಂದಿನದ್ದೇ ತಾನೇ ಕಾಣುವುದು!

ಕೊನೆಗೆ ಪುಸ್ತಕ ಬರೆದವರನ್ನೇ ಕೇಳುವುದೆಂದಾಯಿತು. ಅವರು ಧಾರವಾಡದ ಕಡೆಯವರು, ಕನ್ನಡ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದು ನಿವೃತ್ತರಾಗಿ ಪರೇಲಿನಲ್ಲಿದ್ದರು. ನನ್ನ ಕನ್ನಡ ಕೆಟ್ಟದು, ನೀವೂ ಬನ್ನಿ ಅಕ್ಕ ಎಂದು ಡೈರೆಕ್ಟರ್ ನನ್ನನ್ನೂ ಕರೆದುಕೊಂಡು ಹೋದ. ಲೋಕಲ್ ರೈಲಿನಲ್ಲಿ ಕೂರಲು ಜಾಗ ಸಿಕ್ಕಿತು, ಅದೂ ಒಂದು ಉಪಕಾರವೇ.

ಮಾಸ್ತರರು ಆ ಬಿಳಿ ಎಳೆಯ ಗುಟ್ಟು ಹೇಳಿ ನಕ್ಕರು. ಪುಸ್ತಕ ಅಚ್ಚು ಹಾಕಿದ್ದು ಒಂದು ಹಳೆಯ ಪ್ರೆಸ್ಸಿನಲ್ಲಿ. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಅಚ್ಚು, ಅದು ಅತ್ತಿತ್ತ ಜಾರಿ ಬಣ್ಣ ಗೆರೆಯ ಆಚೆ ಚೆಲ್ಲುತ್ತಿತ್ತಂತೆ. ಜಾರಿದರೂ ತಾಗದಿರಲಿ ಎಂದು ಇವರು ಗೆರೆಯ ಒಳಗೆ ಸುತ್ತಲೂ ಸ್ವಲ್ಪ ಜಾಗ ಬಿಟ್ಟರು. ಹಾಗೆ ಬಿಟ್ಟಾಗ ಹುಡುಗಿ ಹೊಳೆದಳು. ಆಮೇಲೆ ಬೇಕೆಂದೇ ಬಿಟ್ಟರು. ಕಥೆಯನ್ನು ಶೇಟ್‌ಗೆ ಸಹಿ ಹಾಕಿ ಕೊಟ್ಟಾಗಿದೆ, ಇನ್ನು ತನ್ನ ಮಾತು ನಡೆಯುವುದಿಲ್ಲ ಎಂದೂ ಅವರೇ ಹೇಳಿದರು. ಹೊರಡುವಾಗ ಬಾಗಿಲ ತನಕ ಬಂದು ಡೈರೆಕ್ಟರನನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಏನರೆ ಮಾಡ್ರಿ ತಂಗಿ, ಆಕಿ ಬಣ್ಣಾ ಒಂದು ಕೆಡಸಬ್ಯಾಡ್ರಿ. ಉಪ್ಪು ಬೆಳ್ಳಗ ಕಾಣಬೇಕಂದ್ರ ಆಕಿ ಕರ್ರಗ ಇರಬೇಕು."

ಆಗಲಿ ಎಂದೆ. ಡೈರೆಕ್ಟರ್ ಏನೂ ಹೇಳಲಿಲ್ಲ, ಆಗ ನಾನು ಅದನ್ನು ಗಮನಿಸಲಿಲ್ಲ. ಮಾತು ಕೊಟ್ಟವಳು ನಾನು.

ಗೆರೆಯ ಒಳಗಿನ ಆ ಎಳೆಯನ್ನು ಖಾಲಿ ಬಿಡುವ ಬದಲು ಬಣ್ಣದಲ್ಲೇ ತುಂಬೋಣ, ಮೊದಲು ಎಳೆ, ಅದು ಒಣಗಿದ ಮೇಲೆ ಮೈ ಎಂದು ಡೈರೆಕ್ಟರ್ ಲೋಕಲಿನಲ್ಲೇ ನಿರ್ಧರಿಸಿದ. ಸುಣ್ಣದ ಬಿಳಿಗೆ ಒಂದು ಹನಿ ಹಳದಿ ಬೆರೆಸಿ ಬಣ್ಣ ಮಾಡಿಕೊಂಡೆವು. ಒಂದೊಂದು ಸೆಲ್ಲಿಗೂ ಎರಡು ಪಟ್ಟು ಕೆಲಸ. ಹಾಳೆಯ ಗುಪ್ಪೆಯನ್ನು ನಾವಿಬ್ಬರೂ ಅರ್ಧರ್ಧ ಹಂಚಿಕೊಂಡೆವು. ಅದೇ ತಪ್ಪಾಯಿತು. ಗೋಡೆಯ ಮೇಲೆ ನೋಡಿದರೆ ಎಳೆ ಒಮ್ಮೆ ದಪ್ಪ, ಒಮ್ಮೆ ಸಪೂರ. ಹುಡುಗಿಯ ಮೈಮೇಲೆ ಇರುವೆ ಹರಿದಾಡಿದ ಹಾಗೆ ಕಾಣುತ್ತಿತ್ತು. ಬಿಜಾಪುರದಾಕೆ ತನ್ನ ತೋಳು ತುರಿಸಿಕೊಂಡಳು. ಕೈ ಎರಡಾದರೆ ಎಳೆಯೂ ಎರಡಾಗುತ್ತದೆ. ಆಮೇಲೆ ಹಾಳೆಗಳನ್ನು ಹಂಚುವುದು ಬಿಟ್ಟು ಹುಡುಗಿಯನ್ನೇ ಹಂಚಿಕೊಂಡೆವು: ಎಲ್ಲ ಹಾಳೆಯ ಎಳೆಯೂ ನನ್ನದು, ಎಲ್ಲ ಹಾಳೆಯ ಮೈಯೂ ಆಕೆಯದು. ತುಂಬುವುದರಲ್ಲಿ ಆಕೆಯ ಕೈ ನನಗಿಂತ ಚೊಕ್ಕ. ನವರಾತ್ರಿಯ ಹೊತ್ತಿಗೆ ಇರುವೆ ಹೋಯಿತು. ಗೋಡೆಯ ಮೇಲೆ ಹುಡುಗಿ ಪುಸ್ತಕದಲ್ಲಿದ್ದ ಹಾಗೆಯೇ ಎದ್ದು ಬಂದಳು, ಮುಖ ಇಡೀ ಗೋಡೆ ತುಂಬುವ ಶಾಟ್‌ಗಳಲ್ಲಂತೂ ನೋಡಿ ತೀರದು. ಆ ದಿನ ಮನೆಯಲ್ಲಿ ಪಾಯಸ ಮಾಡಿದೆ.

ಇನ್ನು ಕಣ್ಣಿನ ವಿಷಯ. ಬಿಜಾಪುರದಾಕೆ ಎರಡು ವರ್ಷ ಪರೇಲಿನ ಕಡೆ ಗಣಪತಿ ಮಾಡುವ ಕಾರ್ಖಾನೆಗೆ ಬಣ್ಣದ ಕೆಲಸಕ್ಕೆ ಹೋಗಿದ್ದವಳು. ಅಲ್ಲಿ ಕಣ್ಣು ಬರೆಯುವುದು ಎಲ್ಲಕ್ಕಿಂತ ಕಡೆಗೆ. ಈ ಹುಡುಗಿಗೂ ಕಣ್ಣಿನ ಬಿಳಿ ಕಡೆಗೇ ತುಂಬಬೇಕು, ಶಾಟ್ ಪೂರ್ತಿಯಾದ ಮೇಲೆ ಸ್ನಾನ ಮಾಡಿ ಕೂತು ಒಟ್ಟಿಗೆ ತುಂಬೋಣ ಎಂದಳು. ನನಗೂ ಅದು ಸರಿ ಅನ್ನಿಸಿತು. ಅಷ್ಟು ದಿನ ಮುಂದೆ ಕೂತು ಕೆಲಸ ಮಾಡಿದ ಮುಖ, ಅರೆಬರೆ ಮೈಗೆ ಕಣ್ಣು ಕೊಡುವುದು ಹೇಗೆ? ಹಾಗೆ ನಡೆಸಿದೆವು. ಒಂದು ದಿನ ನಾವಿಬ್ಬರೂ ಸೀಮೆಎಣ್ಣೆಗೆಂದು ರೇಶನ್ ಅಂಗಡಿಯ ಸಾಲಿನಲ್ಲಿದ್ದಾಗ ಸ್ಟುಡಿಯೋದವನು ಹಾಳೆ ಒಯ್ಯಲು ಬಂದ. ಊಟಕ್ಕೆ ಮನೆಗೆ ಬಂದಿದ್ದ ನನ್ನ ಯಜಮಾನರು ಹಾಳೆ ಮುಟ್ಟಿ ನೋಡಿ, ಒಣಗಿದೆ ಎಂದು ಗುಪ್ಪೆಯನ್ನೇ ಕೊಟ್ಟು ಕಳಿಸಿದರು. ಕಣ್ಣು ತುಂಬದ ಗುಪ್ಪೆ.

ಕ್ಯಾಮೆರಾದವನಿಗೂ ತಿಳಿಯಲಿಲ್ಲ. ಯಾಕೆಂದರೆ ಹಿಂದೆ ಇದ್ದದ್ದು ಉಪ್ಪಿನ ಬಿಳಿ, ಖಾಲಿ ಕಣ್ಣು ಬೆಳ್ಳಗೇ ಕಂಡಿತು. ಪಾಪೆ ಹೇಗೂ ಎದುರಿನಲ್ಲಿ ಶಾಯಿಯಲ್ಲಿ ಬರೆದದ್ದು. ಹುಡುಗಿ ನಡೆದು ನಡೆದು ಕಡಲಿನ ಮುಂದೆ ಬಂದು ನಿಲ್ಲುವವರೆಗೆ ಎಲ್ಲವೂ ಸರಿ. ನಿಂತ ಮೇಲೆ ಅವಳ ಕಣ್ಣಿನೊಳಗೆ ಕಡಲು ಬಂತು. ಪಾಪೆಯ ಸುತ್ತ ನೀಲಿ, ಅದರಲ್ಲಿ ಅಲೆ ಬಂದು ಹೋಗುತ್ತಿದೆ. ಇದನ್ನು ನಾವು ನೋಡಿದ್ದು ಶೇಟ್ ಮೊದಲ ಸಲ ಬಂದು ಕೂತ ದಿನ, ಅವರ ಬೆನ್ನ ಹಿಂದೆ ನಿಂತು.

ಶೇಟ್ ಮೊದಲು ನಕ್ಕರು. ಆಮೇಲೆ ಹಿಂದಿಯಲ್ಲಿ ಶುರು ಮಾಡಿದರು. ಇದೇನು ದೆವ್ವವೇ, ಕಾಲಿ ಕಲೂಟಿ, ಅಂದರೆ ಕರಿಮುಸುಡಿ, ಕಣ್ಣಲ್ಲಿ ತೂತು, ಮಕ್ಕಳು ಹೆದರಿ ಥಿಯೇಟರಿನಿಂದ ಓಡಿಹೋಗುತ್ತಾರೆ. ಕಣ್ಣು ನಮ್ಮ ತಪ್ಪು, ನಮ್ಮ ಕೈಯಿಂದಲೇ ಸರಿ ಮಾಡಿಕೊಡುತ್ತೇವೆ ಎಂದು ನಾನು ಒಪ್ಪಿಕೊಂಡೆ. ಅವರಿಗೆ ಬೇಕಾದದ್ದು ಅದಾಗಿರಲಿಲ್ಲ. ಕಣ್ಣು ಅವರಿಗೊಂದು ನೆಪ ಸಿಕ್ಕಿದ್ದು ಅಷ್ಟೇ. ಹುಡುಗಿ ಬೆಳ್ಳಗಾಗಬೇಕು, ಗುಲಾಬಿ ಕೆನ್ನೆ ಬೇಕು, ಹಣ ಹಾಕಿದವರು ಯಾರು ಎಂದರು. ಅವರ ತಲೆಯ ಮೇಲೆ ಗೋಡೆಯಲ್ಲಿ ಪಂಢರಪುರದ ವಿಠೋಬನ ಕ್ಯಾಲೆಂಡರ್ ತೂಗುತ್ತಿತ್ತು. ನಾನು ಅದನ್ನು ತೋರಿಸಿ, ಶೇಟ್‌ಜಿ, ಇವನು ಯಾವ ಬಣ್ಣ ಎಂದು ಕೇಳಿದೆ. ಅವರು ಕ್ಯಾಲೆಂಡರಿಗೆ ಕೈಮುಗಿದೇ ಉತ್ತರ ಕೊಟ್ಟರು.

"ಭಗವಾನ್ ಕಿ ಬಾತ್ ಅಲಗ್ ಹೈ, ಬಾಯಿ. ಉಸ್ಕೋ ಕಿಸೀಕೋ ಪಸಂದ್ ನಹೀಂ ಆನಾ ಪಡ್ತಾ."

ದೇವರ ಮಾತು ಬೇರೆಯಂತೆ, ಅವನು ಯಾರಿಗೂ ಇಷ್ಟವಾಗಬೇಕಾಗಿಲ್ಲವಂತೆ. ಹುಡುಗಿ ಮಾತ್ರ ಇಷ್ಟವಾಗಬೇಕು. ನನಗೆ ಮೈಯೆಲ್ಲ ಉರಿಯಿತು. ನಾನೂ ಕಪ್ಪು. ನನ್ನನ್ನು ನೋಡಲು ಬಂದ ಮೊದಲ ವರನ ಕಡೆಯವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಹುಡುಗಿಯನ್ನು ಅಂಗಳದ ಬೆಳಕಿನಲ್ಲಿ ಇನ್ನೊಮ್ಮೆ ನೋಡಬಹುದೋ ಎಂದು ಕೇಳಿದ್ದರು. ನೋಡಿ ಎದ್ದು ಹೋದರು. ಕೃಷ್ಣನ ದಯೆ, ಅವರ ಮನೆ ತಪ್ಪಿತು.

ಎಲ್ಲವನ್ನೂ ಹೊಸದಾಗಿ ತೆಗೆಯಲು ಫಿಲ್ಮ್ ಇರಲಿಲ್ಲ. ಹೊರದೇಶದಿಂದ ಬರುವ ಫಿಲ್ಮ್, ಬೇಕೆಂದಾಗ ಸಿಗುತ್ತಿರಲಿಲ್ಲ. ಅರ್ಧ ಚಿತ್ರ ಆಗಲೇ ಕ್ಯಾಮೆರಾದಲ್ಲಿ ಆಗಿಹೋಗಿತ್ತು. ಕಣ್ಣಿನ ಶಾಟ್ ಒಂದನ್ನು ಹೇಗೋ ಮತ್ತೆ ತೆಗೆಯಬಹುದು, ಉಳಿದದ್ದಕ್ಕೆ ದಾರಿಯಿಲ್ಲ. ಅದಕ್ಕೆ ಡೈರೆಕ್ಟರ್ ಒಂದು ಉಪಾಯ ಹುಡುಕಿದ. ಆ ಉಪಾಯವನ್ನು ಹೇಳಲು ನಮ್ಮ ಮನೆಗೆ ಬಂದವನು ನನ್ನ ಮುಖ ನೋಡದೆ ಚಾಪೆಯ ಅಂಚು ಕೀಳುತ್ತಾ ಕೂತಿದ್ದ.

"ಏಕ್ ಹೀ ಶಾಟ್ ಅಕ್ಕ. ಉಪ್ಪಿನ ನೀರಲ್ಲಿ ಅವಳು ಡುಬ್ಕಿ ಹಾಕ್ತಾಳೆ, ಹೊರಗೆ ಬರುವಾಗ ಗೋರಿ ಆಗಿರ್ತಾಳೆ. ಆಮೇಲೆ ಪೂರಾ ಗೋರಿ. ಶೇಟ್ ಖುಷ್, ಪಿಕ್ಚರ್ ಬಚ್ ಗಯಾ."

"ಉಪ್ಪು ನೀರಲ್ಲಿ ಮುಳುಗಿದರೆ ಬೆಳ್ಳಗಾಗುವುದಾದರೆ ನಮ್ಮೂರಲ್ಲಿ ಬಲೆ ಹಾಕುವವರೆಲ್ಲ ಇಂಗ್ಲಿಷರ ಹಾಗೆ ಇರಬೇಕಿತ್ತಲ್ಲ ಮಾರಾಯ. ಅದರಲ್ಲಿ ಮಿಂದರೆ ಮೈ ಉರಿಯುತ್ತದೆ, ಅಷ್ಟೇ."

ಅವನಿಗೆ ನಗು ಬಂತು, ಆದರೆ ನಗಲಿಲ್ಲ. ಕಪ್ಪಿನಿಂದ ಗುಲಾಬಿಗೆ ಹೋಗುವ ಬಣ್ಣಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಬೆರೆಸಿ ಸಣ್ಣ ಡಬ್ಬಿಗಳಲ್ಲಿ ತಂದಿದ್ದ. ನಾನು ಡಬ್ಬಿಗಳನ್ನು ಅವನ ಚೀಲಕ್ಕೇ ಹಾಕಿದೆ. ಈ ಶಾಟ್ ನಾನು ಮಾಡುವುದಿಲ್ಲ, ಇದರ ನಂತರದ ಗುಲಾಬಿ ಹುಡುಗಿಯನ್ನೂ ಮುಟ್ಟುವುದಿಲ್ಲ, ಕಪ್ಪಾಗಿಯೇ ಇರುವುದಾದರೆ ಹೇಳು, ಕೂಲಿ ಇಲ್ಲದೆಯೂ ಕೂರುತ್ತೇನೆ ಎಂದೆ. ಚಹಾ ಕುಡಿಸಿಯೇ ಕಳಿಸಿದೆ. ಮನೆಗೆ ಬಂದವನ ಮೇಲೆ ಅಷ್ಟರ ಮೇಲೆ ಕೋಪ ಮಾಡುವುದು ನಮ್ಮ ಕ್ರಮವಲ್ಲ.

ಅವನು ನನ್ನ ಬಾಗಿಲಿನಿಂದ ಎದ್ದು ಪಕ್ಕದ ಬಾಗಿಲಿಗೆ ಹೋದ. ಬಿಜಾಪುರದಾಕೆ ಡಬ್ಬಿಗಳನ್ನು ತೆಗೆದುಕೊಂಡಳು.

ನಾನು ಹೋಗಿ ಹೊಸ್ತಿಲಲ್ಲೇ ನಿಂತು ಕೇಳಿದೆ. ಇದನ್ನು ನೀನು ಮಾಡುತ್ತೀಯಾ?

"ಮಾಡ್ತೀನ್ರೀ ಅಕ್ಕಾರ. ನಿಮ್ಮನ್ಯಾಗ ಯಜಮಾನ್ರು ಹೋಟ್ಲದಾಗ ಅದಾರ. ನನ್ನ ಮನ್ಯಾಗ ಒಲಿ ಹತ್ತಬೇಕಲ್ಲ. ಬಣ್ಣ ಅಂದ್ರ ಬಣ್ಣ, ಅದರಾಗ ಏನದ?"

ಆಕೆಯ ಮೇಲೂ ನನಗೆ ಕೋಪ ಬಂತು, ಸುಳ್ಳು ಹೇಳುವುದಿಲ್ಲ. ಅವಳು ಹೇಳಿದ್ದು ನಿಜ, ಅದಕ್ಕೇ ಹೆಚ್ಚು ಬಂತು. ಆಮೇಲೆ ನಳದ ಹತ್ತಿರ ಸಿಕ್ಕಿದರೂ ಕೊಡದ ಕಡೆ ನೋಡುತ್ತಿದ್ದೆವು. ನನ್ನ ಯಜಮಾನರು, ಒಂದು ಗೊಂಬೆಯ ಬಣ್ಣಕ್ಕೆ ನೆರೆಯನ್ನೇ ಬಿಡುತ್ತೀಯಾ ಮಾರಾಯ್ತಿ ಎಂದರು. ಗುಪ್ಪೆ ಕೊಟ್ಟು ಕಳಿಸಿದವರು ನೀವು, ಸುಮ್ಮನಿರಿ ಎಂದೆ. ದಿನವೂ ದೀಪ ಹಚ್ಚುವಾಗ ಕೃಷ್ಣನಿಗೂ ಸ್ವಲ್ಪ ಬೈದೆ. ನಿನ್ನ ಬಣ್ಣದವಳನ್ನೇ ಅಳಿಸುತ್ತಿದ್ದಾರೆ, ನೀನು ನೋಡಿಕೊಂಡು ಬೆಣ್ಣೆ ತಿನ್ನುತ್ತಿದ್ದೀ ಎಂದು.

ಒಂದು ಮಧ್ಯಾಹ್ನ ಬಿಜಾಪುರದಾಕೆ ಹೇಳದೆ ಕೇಳದೆ ಒಳಗೆ ಬಂದಳು. ಕೈಯಲ್ಲಿ ಆ ಶಾಟ್‌ನ ಹಾಳೆಗಳು. ನೆಲದ ಮೇಲೆ ಹಳೆ ಪಂಚೆ ಹಾಸಿ, ಒಂದರ ಪಕ್ಕ ಒಂದರಂತೆ ಇಟ್ಟಳು. ಮೊದಲಿನದು ನಮ್ಮ ಹುಡುಗಿ, ಒದ್ದೆ ಕಲ್ಲಿನ ಬಣ್ಣ. ಕೊನೆಯದು ಗುಲಾಬಿ. ನಡುವಿನವು, ಡೈರೆಕ್ಟರ್ ಬೆರೆಸಿದ ಆ ನಡುವಿನ ಬಣ್ಣಗಳು. ಕಪ್ಪಿಗೆ ಗುಲಾಬಿ ಸೇರಿಸುತ್ತಾ ಹೋದರೆ ಏನಾಗುತ್ತದೆ ಎಂದು ಅಲ್ಲಿಯವರೆಗೆ ಯಾರೂ ಹಾಳೆಯ ಮೇಲೆ ನೋಡಿರಲಿಲ್ಲ. ಬೂದಿ ಬಣ್ಣ. ಆಮೇಲೆ ಬೂದಿಯಲ್ಲಿ ಸ್ವಲ್ಪ ನೀಲಿ ಇದ್ದ ಹಾಗೆ. ಅದೇ ಮೂಗು, ಅದೇ ಬಾಯಿ. ಕಣ್ಣಿನ ಬಿಳಿಯನ್ನು ಆಕೆ ತುಂಬಿರಲಿಲ್ಲ.

"ನಮ್ಮವ್ವ ಸತ್ತಾಗ ಮಾರಿ ಹಿಂಗ ಆಗಿತ್ತು ಅಕ್ಕಾರ," ಎಂದಳು. "ಇದಕ್ಕ ಕಣ್ಣ ಬರಿ ಅಂದ್ರ ನನ್ನ ಕೈಲೆ ಆಗಂಗಿಲ್ಲ."

ಕೂತು ಅತ್ತಳು. ನಾನು ನೀರು ಕೊಟ್ಟೆ. ಹಾಳೆಗಳನ್ನು ಹಾಗೆಯೇ ಪಂಚೆಯಲ್ಲಿ ಸುತ್ತಿ ಇಬ್ಬರೂ ಸ್ಟುಡಿಯೋಕ್ಕೆ ಹೋದೆವು.

ಡೈರೆಕ್ಟರ್ ಒಂದೊಂದೇ ಹಾಳೆ ಎತ್ತಿ ಬೆಳಕಿಗೆ ಹಿಡಿದ. ಬಣ್ಣ ಬೇರೆ ಬೆರೆಸೋಣ, ಕಂದು ಹಾಕೋಣ ಎಂದು ಶುರು ಮಾಡಿದವನು ನಡುವಿನ ಹಾಳೆಗೆ ಬಂದಾಗ ಅದನ್ನು ಮಗುಚಿ ಕೆಳಗಿಟ್ಟ. ನಾನು ಅವನಿಗೆ ಬುದ್ಧಿ ಹೇಳಲು ಹೋಗಲಿಲ್ಲ. ಒಂದು ಮಾತು ಮಾತ್ರ ಕೇಳಿದೆ: ಪರೇಲಿನಲ್ಲಿ ಮಾಸ್ತರರು ಕೇಳಿದಾಗ ನೀನು ಯಾಕೆ ಆಗಲಿ ಅನ್ನಲಿಲ್ಲ? ಅಂದರೆ ಅವತ್ತೇ ನಿನಗೆ ಗೊತ್ತಿತ್ತೋ?

ಗೊತ್ತಿತ್ತಂತೆ. ಶೇಟ್ ಮೊದಲೇ ಒಂದು ಸಲ ಹೇಳಿದ್ದರಂತೆ, ಚಿತ್ರ ಚೆನ್ನಾಗಿ ಬಂದರೆ ಮರೆಯಬಹುದು ಎಂದುಕೊಂಡಿದ್ದನಂತೆ. ಬೆಳಗಿನಿಂದ ಸಂಜೆ ತನಕ ನಾವು ಕಣ್ಣು ಕಿರಿದು ಮಾಡಿ ಎಳೆ ತುಂಬುತ್ತಿದ್ದಾಗ ಇವನ ಹೊಟ್ಟೆಯಲ್ಲಿ ಇದು ಇತ್ತು. ಆ ಹೊತ್ತಿಗೆ ನನಗೆ ಬಂದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ. ಎಲ್ಲವನ್ನೂ ಅವನು ನಿಂತು ಕೇಳಿದ. ಕೇಳಿ, ಡಬ್ಬಿಗಳ ಬಣ್ಣವನ್ನೆಲ್ಲ ಮೋರಿಗೆ ಸುರಿದು, ಶೇಟ್ ಅಂಗಡಿಗೆ ಹೋದ. ಈ ಶಾಟ್ ಆಗುವುದಿಲ್ಲ, ಬೇಕಾದರೆ ಬೇರೆ ಡೈರೆಕ್ಟರನನ್ನು ನೋಡಿಕೊಳ್ಳಿ ಎಂದು ಹೇಳಿದನಂತೆ. ಅಷ್ಟು ತಡವಾಗಿಯಾದರೂ ಬೆನ್ನು ನೆಟ್ಟಗಾಯಿತು.

ಆದರೆ ಶೇಟ್ ವ್ಯಾಪಾರಿ. ಬಟ್ಟೆಯ ಇಡೀ ಥಾನು ಬಿಟ್ಟುಕೊಡುವವರಲ್ಲ. ಹುಡುಗಿ ಕಪ್ಪಾಗಿಯೇ ಇರಲಿ, ಆದರೆ ಮುಖ ಹತ್ತಿರದಿಂದ ತೋರಿಸುವ ಶಾಟ್‌ಗಳೆಲ್ಲ ಹೋಗಬೇಕು, ದೂರದಿಂದ ನಡೆದುಹೋಗಲಿ, ಬೆನ್ನು ಕಾಣಲಿ ಎಂದರು. ಡೈರೆಕ್ಟರ್ ಒಪ್ಪಿದ. ನಮ್ಮನ್ನು ಕೇಳಲಿಲ್ಲ, ಮಾಸ್ತರರನ್ನು ಮೊದಲೇ ಕೇಳುವವರಿಲ್ಲ. ಉಳಿದ ಭಾಗವನ್ನು ನಾವು ಕಪ್ಪಾಗಿಯೇ ತುಂಬಿಕೊಟ್ಟೆವು, ಕಣ್ಣಿನ ಶಾಟ್ ಸರಿ ಮಾಡಿಕೊಟ್ಟೆವು. ಅದೇ ಹೊತ್ತಿಗೆ ಅತ್ತ ಕತ್ತರಿಯಲ್ಲಿ ಮುಖಗಳು ಒಂದೊಂದಾಗಿ ಹೋದವು. ಎಳೆ ಇರುವೆಯಾಗದಂತೆ ಉಸಿರು ಹಿಡಿದು ಮಾಡಿದ್ದು ಆ ಮುಖಗಳಿಗೇ. ದೂರದ ಹುಡುಗಿಗೆ ಎಳೆ ಇದ್ದರೂ ಯಾರಿಗೆ ಕಾಣುತ್ತದೆ? ಕಪ್ಪು ಹೆಣ್ಣು ಇರಬಹುದು, ದೂರ ಇರಬೇಕು, ಮುಖ ಎತ್ತಬಾರದು. ಬಿಳಿ ಮಾಡುವುದಕ್ಕಿಂತ ಇದು ಹೇಗೆ ಮೇಲು ಎಂದು ಯಾರಾದರೂ ನನಗೆ ತಿಳಿಸಿ ಹೇಳಲಿ.

ಒಂದು ಮುಖ ಮಾತ್ರ ಉಳಿಯಿತು, ಅದೂ ಯಾರ ದಯೆಯಿಂದಲೂ ಅಲ್ಲ. ಕಾರ್ಟೂನಿನಲ್ಲಿ ಹಾಡು ಮೊದಲು ಧ್ವನಿಮುದ್ರಣವಾಗುತ್ತದೆ, ತಾಳಕ್ಕೆ ಸರಿಯಾಗಿ ಚಿತ್ರ ಎಣಿಸಿ ಬರೆಯುತ್ತಾರೆ. ಅವಳು ಕಡಲನ್ನು ಕೇಳುವ ಹಾಡಿನ ನಡುವೆ ಒಂದು ಮುಖವಿತ್ತು. ಅದನ್ನು ತೆಗೆದರೆ ತಾಳವೇ ತಪ್ಪುತ್ತಿತ್ತು, ಮತ್ತೆ ಹಾಡಿಸಲು ಶೇಟ್ ತಯಾರಿಲ್ಲ. ಹಾಗಾಗಿ ಉಳಿಯಿತು. ಇದನ್ನೂ ನಾನು ದೇವರ ಉಪಕಾರದ ಲೆಕ್ಕಕ್ಕೇ ಹಾಕಿಕೊಂಡೆ, ಬೇರೆ ಯಾರ ಲೆಕ್ಕಕ್ಕೂ ಹಾಕುವ ಹಾಗಿರಲಿಲ್ಲ.

ಬೇಸಿಗೆಯಲ್ಲಿ ಪರೇಲಿನ ಒಂದು ಥಿಯೇಟರಿನಲ್ಲಿ ಮಧ್ಯಾಹ್ನದ ಆಟಕ್ಕೆ ಮೊದಲು ಅದನ್ನು ತೋರಿಸಿದರು. ಶೇಟ್ ನಮಗೆಲ್ಲ ಒಂದೇ ಸಾಲಿನಲ್ಲಿ ಜಾಗ ಮಾಡಿಸಿದ್ದರು, ಆ ಮಟ್ಟಿಗೆ ಒಳ್ಳೆಯವರೇ. ಒಂದು ತುದಿಯಲ್ಲಿ ಮಾಸ್ತರರು, ಆಮೇಲೆ ಬಿಜಾಪುರದಾಕೆ, ನನ್ನ ಯಜಮಾನರು, ನಾನು, ನನ್ನ ಈ ಪಕ್ಕ ಶೇಟ್. ಡೈರೆಕ್ಟರ್ ಹಿಂದೆ ಗೋಡೆಗೆ ಒರಗಿ ನಿಂತಿದ್ದ. ದೀಪ ಆರಿತು. ಜನ ಇನ್ನೂ ಜಾಗ ಹುಡುಕುತ್ತಿದ್ದರು, ಕಡಲೆಕಾಯಿ ಸಿಪ್ಪೆಯ ಸದ್ದು.

ಬಿಳಿ ಪರದೆ, ಉಪ್ಪು. ದೂರದಲ್ಲಿ ಹುಡುಗಿ. ಬೆನ್ನು. ಮತ್ತೆ ದೂರ. ಮಾಸ್ತರರು ಮುಂದಕ್ಕೆ ಬಾಗಿ ಹುಡುಕುತ್ತಿದ್ದರು, ಅವರಿಗೆ ಯಾರೂ ಹೇಳಿರಲಿಲ್ಲ ಎಂದು ನನಗೆ ಆಗ ತಿಳಿಯಿತು. ಹಾಡು ಬಂತು. ಕಡಲು ಬಂತು. ಆಮೇಲೆ ಆ ಮುಖ ಪರದೆಯ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಬಂದು ನಿಂತಿತು, ಸುತ್ತಲೂ ಎಳೆ, ಅಲುಗದೆ. ಸಿಪ್ಪೆಯ ಸದ್ದು ನಿಂತಿತೋ ನನಗೆ ಕೇಳಿಸಲಿಲ್ಲವೋ ಗೊತ್ತಿಲ್ಲ. ಬಿಜಾಪುರದಾಕೆ ಕೈ ಮುಗಿದಿದ್ದಳು. ಹಾಡಿನ ಒಂದು ಸಾಲು ಮುಗಿಯುವಷ್ಟರಲ್ಲಿ ಮುಖ ಹೋಯಿತು, ಮತ್ತೆ ಬೆನ್ನು.

ಶೇಟ್ ನನ್ನ ಕಡೆ ಬಾಗಿ, ಇದೊಂದು ಉಳಿದುಹೋಗಿದೆ, ಪರವಾಗಿಲ್ಲ, ಅಷ್ಟೇನೂ ಕೆಟ್ಟದಾಗಿಲ್ಲ ಎಂದರು. ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ.

ನನ್ನ ಮುರುಕು ಹಿಂದಿಯಲ್ಲಿ ಹೇಳಿದೆ. ಉಳಿದ ಮುಖಗಳೂ ಹೀಗೇ ಇದ್ದವು ಶೇಟ್‌ಜಿ, ಅವನ್ನು ಕತ್ತರಿಸಿ ಹಾಕಿದವರು ನೀವು, ಮಾಡಿದ್ದು ತಪ್ಪು. ಹಿಂದಿನ ಸಾಲಿನವರು ಶ್ ಎಂದರು. ಯಜಮಾನರು ನನ್ನ ಸೆರಗು ಎಳೆದು, ಸುಮ್ಮನಿರು ಮಾರಾಯ್ತಿ, ಜನ ನೋಡುತ್ತಾರೆ ಎಂದರು. ನೋಡಲಿ ಎಂದೆ. ಶೇಟ್ ಪರದೆಯ ಕಡೆಗೇ ಮುಖ ಮಾಡಿ ಕೂತರು, ಕತ್ತಲಲ್ಲಿ ಕೇಳಿಸದ ಹಾಗೆ ಮಾಡುವುದು ಸುಲಭ.

ಚಿತ್ರ ಮುಗಿದು ದೀಪ ಹತ್ತಿತು. ಅವರು ಈ ಕಡೆ ತಿರುಗುವವರೆಗೆ ಕಾದೆ. ಆಮೇಲೆ ಅದನ್ನೇ, ಅದೇ ಮಾತುಗಳಲ್ಲಿ, ಅವರ ಮುಖ ನೋಡಿಕೊಂಡು ಇನ್ನೊಮ್ಮೆ ಹೇಳಿದೆ.